ಚೀನಾ ಭರಣಿ ಹುಡುಕಿಕೊಂಡು ಹೋದದ್ದು

ಅಮ್ಮ ಒಮಾನಿಗೆ ಬಂದ ಮೊದಲ ವಾರದಲ್ಲೇ ಇಲ್ಲಿಯ ಜನರ ಮೇಲೆ ಅವಳಿಗೆ ಎಲ್ಲಿಲ್ಲದ ಗೌರವ ಹುಟ್ಟಿಬಿಟ್ಟಿತು. ಅದಕ್ಕೆ ಕಾರಣ ಮಸ್ಕತ್‌ನ ಅಲ್ ಹೈಲ್‌ನಲ್ಲಿ ನಮ್ಮ ಫ್ಲಾಟಿನ ಕೆಳಗಿರುವ ಬಕಾಲಾ, ಅಂದರೆ ಸಣ್ಣ ದಿನಸಿ ಅಂಗಡಿ. ಅಮ್ಮ ಅಲ್ಲಿ ಕರಿಬೇವು ಕೇಳಿದಳು. ಗಲ್ಲಾದಲ್ಲಿ ಕೂತಿದ್ದ ಒಮಾನಿ ಯಜಮಾನರು ಅಂಗೈ ಅಲ್ಲಾಡಿಸಿ “ಮಾಫಿ” ಅಂದರು. ಗಲ್ಫಿನ ಆಡುಮಾತಿನಲ್ಲಿ ಮಾಫಿ ಎಂದರೆ ‘ಇಲ್ಲ’ ಅಂತ ಅಷ್ಟೇ. ಅಮ್ಮನಿಗೆ ಗೊತ್ತಿದ್ದ ಮಾಫಿಯೇ ಬೇರೆ. ಅದು ದಂಡ ಮಾಫಿ, ಬಡ್ಡಿ ಮಾಫಿಯಲ್ಲಿ ಬರುವ ಮಾಫಿ; ಹಿಂದಿ ಧಾರಾವಾಹಿಗಳಲ್ಲಿ ಸೊಸೆ ಅತ್ತೆಯ ಕಾಲು ಹಿಡಿದು ಬೇಡುವ ಮಾಫಿ. ಕರಿಬೇವು ಇಲ್ಲದ್ದಕ್ಕೆ ಅಷ್ಟು ವಯಸ್ಸಾದ ಮನುಷ್ಯ ಕ್ಷಮೆ ಕೇಳಿದರಲ್ಲ ಎಂದು ಅಮ್ಮ ಕರಗಿಹೋದಳು. “ಪರವಾಗಿಲ್ಲ, ಪರವಾಗಿಲ್ಲ” ಎಂದು ಕನ್ನಡದಲ್ಲೇ ಸಮಾಧಾನ ಹೇಳಿ ಬರಿಗೈಯಲ್ಲಿ ಮೇಲೆ ಬಂದಳು.

ಆಮೇಲೆ ಅದೇ ಕತೆ. ಮೀನಿನ ಮಾರ್ಕೆಟ್ಟಿನಲ್ಲಿ ಬಂಗುಡೆ ಮಾಫಿ, ಪರವಾಗಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಮಾಫಿ, ಪರವಾಗಿಲ್ಲ. ಯಾರೋ ತೊಂದರೆ ಇಲ್ಲ ಎಂಬರ್ಥದಲ್ಲಿ ‘ಮಾಫಿ ಮುಶ್ಕಿಲ್’ ಎಂದು ಹೇಳಿದರೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎನ್ನುತ್ತಿದ್ದಾರೆ ಎಂದು ಅವಳು ಕೈ ಮುಗಿಯುತ್ತಿದ್ದಳು. ಊರಿಗೆ ಫೋನ್ ಮಾಡಿದಾಗಲೆಲ್ಲ ಇದೇ ವರದಿ. ನಮ್ಮ ಉಡುಪಿಯ ಅಂಗಡಿಯವರು ‘ಇಲ್ಲ’ ಎಂದು ಮುಖ ತಿರುಗಿಸುತ್ತಾರೆ, ಇಲ್ಲಿಯವರನ್ನು ನೋಡಿ ಕಲಿಯಬೇಕು ಎನ್ನುತ್ತಿದ್ದಳು. ನಾನು ಸರಿ ಮಾಡಬಹುದಿತ್ತು. ಆದರೆ ಇಡೀ ದೇಶವನ್ನು ಉದಾರವಾಗಿ ಕ್ಷಮಿಸುತ್ತಾ ತಿರುಗುವ ಅಮ್ಮನನ್ನು ನೋಡುವುದು ನನಗೂ ನನ್ನ ಗಂಡನಿಗೂ ಒಳ್ಳೆಯ ಮಜಾ ಆಗಿತ್ತು. ವಾದಿ ಕಬೀರಿನ ಗ್ಯಾರೇಜೊಂದರ ಆಫೀಸಿನಲ್ಲಿ ದಿನವಿಡೀ ಬಿಲ್ಲು ಮಾಡಿ ಬರುವ ನನಗೆ ಸಂಜೆಯ ನಗು ಅಲ್ಲಿಂದಲೇ ಸಿಗುತ್ತಿತ್ತು.

ತಮಾಷೆ ಎಂದರೆ, ಹೀಗೆ ಊರವರನ್ನೆಲ್ಲ ಕ್ಷಮಿಸುತ್ತಿದ್ದ ಅಮ್ಮ ಒಮಾನಿಗೆ ಬಂದದ್ದೇ ತನ್ನ ತಂಗಿಯ ಬಳಿ ಕ್ಷಮೆ ಕೇಳಲಿಕ್ಕೆ. ಅವಳು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಮಗಳ ಮನೆ ನೋಡಲಿಕ್ಕೆ ಎಂದೇ ಹೇಳಿದಳು. ಆದರೆ ಬಂದ ದಿನವೇ ನಿಜ್ವಾಕ್ಕೆ ಎಷ್ಟು ದೂರ ಎಂದು ಕೇಳಿದಾಗ ನನಗೆ ಅರ್ಥವಾಯಿತು. ನಿಜ್ವಾದಲ್ಲಿ ಚಿಕ್ಕಮ್ಮ ಇದ್ದಾಳೆ. ಅಮ್ಮನ ಒಬ್ಬಳೇ ತಂಗಿ. ಅಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಚಿಕ್ಕಪ್ಪನಿಗೆ ನೀರಿನ ಪಂಪುಗಳ ಕಂಪನಿಯಲ್ಲಿ ಕೆಲಸ. ಅಕ್ಕತಂಗಿಯರ ನಡುವೆ ಆರೇಳು ವರ್ಷಗಳಿಂದ ಮಾತಿರಲಿಲ್ಲ.

ಜಗಳದ ಮೂಲ ಅಜ್ಜಿಯ ಚೀನಾ ಭರಣಿ. ಮೊಣಕಾಲೆತ್ತರದ ಪಿಂಗಾಣಿ ಭರಣಿ ಅದು. ಬೆಲ್ಲದ ಪಾಕದ ಬಣ್ಣ, ಬಾಯಿಗೆ ಬಟ್ಟೆ ಕಟ್ಟಲು ಹೆಗಲಿನ ಮೇಲೆ ನಾಲ್ಕು ಕಿವಿ, ಹೊಟ್ಟೆಯ ಸುತ್ತ ಚಿಪ್ಪುಚಿಪ್ಪಾಗಿ ಸುತ್ತಿಕೊಂಡ ಒಂದು ಪ್ರಾಣಿ. ಚೀನಾದವರು ಏನೆಂದು ಮಾಡಿದ್ದರೋ, ಅಜ್ಜಿಯ ಲೆಕ್ಕದಲ್ಲಿ ಅದು ನಾಗ. ನಾಗ ಎಂದಮೇಲೆ ನಮ್ಮ ಕಡೆ ತಮಾಷೆಯಿಲ್ಲ. ಮಿಡಿ ಉಪ್ಪಿನಕಾಯಿ ಹಾಕುವ ದಿನ ಅಜ್ಜಿ ಮೊದಲು ಭರಣಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಆಮೇಲೆ ಒಳಗೆ ಉಪ್ಪು ಸುರಿಯುತ್ತಿದ್ದಳು. ಮಿಂದು ಬರದವರು ಅದನ್ನು ಮುಟ್ಟುವ ಹಾಗಿರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಚಿಕ್ಕಮ್ಮ ಬೇರೆ ಏನನ್ನೂ ಕೇಳಲಿಲ್ಲ, ಭರಣಿ ಒಂದನ್ನು ಕೇಳಿದಳು. ಅಮ್ಮ ಅರೆಮನಸ್ಸಿನಿಂದ ಕೊಟ್ಟಳು. ಐದಾರು ಸೀರೆ ಸುತ್ತಿ ವಿಮಾನದಲ್ಲಿ ಹಾಕಿದ ಭರಣಿ ಮಸ್ಕತ್‌ನಲ್ಲಿ ಇಳಿಯುವಾಗ ಒಡೆದಿತ್ತು. ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದಳು. ಅಮ್ಮ ಆ ಸಿಟ್ಟಿನಲ್ಲಿ ಒಂದು ಮಾತು ಆಡಿಬಿಟ್ಟಳು: “ನಿನ್ನ ಕೈಗೆ ಬಂದದ್ದು ಯಾವುದು ಉಳಿದಿದೆ ಹೇಳು.” ನಾನು ಅವತ್ತು ಊರಿನಲ್ಲಿ ಅಮ್ಮನ ಪಕ್ಕದಲ್ಲೇ ಇದ್ದೆ. ಚಿಕ್ಕಮ್ಮನಿಗೆ ಮಕ್ಕಳಿಲ್ಲ. ಎರಡು ಸಲ ಬಸುರಿಯಾಗಿ ಎರಡು ಸಲವೂ ಕೈತಪ್ಪಿತ್ತು. ಅಮ್ಮ ಹೇಳಿದ್ದು ಭರಣಿಯ ಬಗ್ಗೆ, ಇನ್ನೇನೂ ಅವಳ ಮನಸ್ಸಿನಲ್ಲಿ ಇರಲಿಲ್ಲ. ಆದರೆ ಬಾಯಿಂದ ಬಿದ್ದ ಕ್ಷಣಕ್ಕೇ ಅವಳ ಮುಖ ಬಿಳಿಚಿಹೋದದ್ದನ್ನು ನಾನು ನೋಡಿದೆ. ಆ ಕಡೆ ಫೋನ್ ಕಟ್ ಆಯಿತು. ಮತ್ತೆ ಚಿಕ್ಕಮ್ಮ ಅಮ್ಮನಿಗೆ ಫೋನ್ ಮಾಡಲಿಲ್ಲ, ಅಮ್ಮನಿಗೆ ಮಾಡುವ ಧೈರ್ಯ ಬರಲಿಲ್ಲ.

ನಮ್ಮ ಮನೆಗಳಲ್ಲಿ ಅಕ್ಕತಂಗಿಯರು ಒಬ್ಬರಿಗೊಬ್ಬರು ‘ಕ್ಷಮಿಸು’ ಎನ್ನುವ ಪದ್ಧತಿಯೇ ಇಲ್ಲ. ಆ ಮಾತನ್ನು ನಾವು ಯಕ್ಷಗಾನದವರಿಗೆ ಬಿಟ್ಟುಕೊಟ್ಟಿದ್ದೇವೆ. ತಪ್ಪಾಯಿತು ಎನಿಸಿದರೆ ಒಂದು ಪಾತ್ರೆ ಪತ್ರೊಡೆ ಮಾಡಿ ಕಳಿಸುತ್ತೇವೆ, ಪಾತ್ರೆ ತೊಳೆದು ವಾಪಸು ಬಂದರೆ ರಾಜಿಯಾಯಿತು ಅಂತ ಅರ್ಥ. ಸಮುದ್ರ ದಾಟಿ ಪತ್ರೊಡೆ ಕಳಿಸಲಾಗುವುದಿಲ್ಲವಲ್ಲ. ಹಾಗಾಗಿ ಅಮ್ಮ ಇಷ್ಟು ವರ್ಷ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದಳು: ಅಂಥದೇ ಒಂದು ಭರಣಿ ಹುಡುಕಿ ತಂಗಿಯ ಕೈಗೆ ಕೊಡುವುದು. ಮತ್ರಾದ ಹಳೇ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಒಂದು ಸಂಜೆ ಪೂರ್ತಿ ಸುತ್ತಿದೆವು. ಅಂಗಡಿ ಅಂಗಡಿಯಲ್ಲೂ ಮಾಫಿ, ಅಂಗಡಿ ಅಂಗಡಿಗೂ ಪರವಾಗಿಲ್ಲ. ಅಷ್ಟರಲ್ಲಿ ಅವಳು ಊರಿಗೆ ಹೊರಡುವ ದಿನ ಹತ್ತಿರ ಬಂತು.

ನಾನು ಗುಟ್ಟಾಗಿ ಚಿಕ್ಕಮ್ಮನ ಸಂಪರ್ಕದಲ್ಲಿದ್ದೆ. ಹಬ್ಬಕ್ಕೊಂದು ಮೆಸೇಜು, ಕೆಲವೊಮ್ಮೆ ಫೋನು. ಅಮ್ಮನನ್ನು ನಿಜ್ವಾಕ್ಕೆ ಕರೆದುಕೊಂಡು ಬರುತ್ತೇನೆ ಎಂದಾಗ ಅವಳು, ಮನೆಗೆ ಬೇಡ, ಸೂಕಿಗೆ ಕರೆದುಕೊಂಡು ಬಾ, ನಾನು ಅಲ್ಲಿಗೆ ಬರುತ್ತೇನೆ ಅಂದಳು. ನನಗೆ ಸ್ವಲ್ಪ ಸಿಟ್ಟೂ ಬಂತು. ಒಡಹುಟ್ಟಿದವಳನ್ನು ಪೇಟೆಯಲ್ಲಿ ಭೇಟಿ ಮಾಡುವುದೆಂದರೇನು? ಅಮ್ಮನಿಗೆ ವಿಷಯ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಕಾರಿನಲ್ಲಿ ಕೂತಾಗ ಒಂದೇ ಒಂದು ಮಾತು ಹೇಳಿದಳು. “ಮನೆಗೆ ಬಾ ಅಂತ ಅವಳು ಕರೆದ್ರೆ ಸಾಕು ನಂಗೆ. ಕರೀದಿದ್ರೆ ಹೀಗೇ ಊರಿಗೆ ಹೋಗ್ತೇನೆ, ನೀನು ಅವಳ ಹತ್ರ ಎಂತದೂ ಕೇಳ್ಲಿಕ್ಕೆ ಹೋಗ್ಬೇಡ.”

ಅವತ್ತು ಶುಕ್ರವಾರ. ನಿಜ್ವಾದಲ್ಲಿ ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ ಇರುತ್ತದೆ. ನನ್ನ ಗಂಡ ನಮ್ಮನ್ನು ಕೋಟೆಯ ಬಳಿ ಇಳಿಸಿ, ಹೆಂಗಸರ ವ್ಯವಹಾರ ನಿಮಗಿರಲಿ ಎಂದು ಆಡು ನೋಡಲು ಓಡಿಹೋದರು. ಮುಂದೆ ಮಣ್ಣಿನ ಬಣ್ಣದ ದಪ್ಪ ಗೋಡೆ, ಅದರಲ್ಲಿ ದೊಡ್ಡ ಮರದ ಬಾಗಿಲು. ಬಾಗಿಲಿನ ಪಕ್ಕದಲ್ಲಿ ಚಿಕ್ಕಮ್ಮ ನಿಂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಚಿಕ್ಕಮ್ಮ ನನ್ನ ಕಡೆ ತಿರುಗಿ, ಬರುವಾಗ ಟ್ರಾಫಿಕ್ ಇತ್ತಾ ಎಂದು ಕೇಳಿದಳು. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಅಕ್ಕನನ್ನು ‘ಅಕ್ಕ’ ಎಂದು ಕೂಗದೆ ಮಾತಾಡುವುದು ಸುಲಭವಲ್ಲ, ಎರಡು ವಾಕ್ಯಕ್ಕೊಮ್ಮೆ ಅದು ತಾನಾಗಿ ಬಂದುಬಿಡುತ್ತದೆ. ಚಿಕ್ಕಮ್ಮ ಅದು ಬಾರದ ಹಾಗೆ ಎಲ್ಲವನ್ನೂ ನನ್ನ ಮೂಲಕವೇ ಆಡಿದಳು. ನಿನ್ನ ಅಮ್ಮನಿಗೆ ಬಿಸಿಲು ಆಗ್ತದಾ ಕೇಳು. ನಿನ್ನ ಅಮ್ಮನಿಗೆ ನೀರು ಬೇಕಾ ಕೇಳು.

ಗೋಡೆಯ ಒಳಗಿನ ಹಳೇ ವ್ಯಾಪಾರಿಗಳ ಬೀದಿ ಅಂಥ ಉದ್ದವೇನಿಲ್ಲ. ಮೇಲೆ ಖರ್ಜೂರದ ಮರದ ತೊಲೆಗಳ ಮಾಡು, ಎರಡೂ ಬದಿಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಜಗಲಿಯಂಥ ಅಂಗಡಿಗಳು. ಒಣಲಿಂಬೆ, ಲೋಬಾನ, ಬೆಳ್ಳಿಯ ಖಂಜರು, ಹಲ್ವದ ಬೋಗುಣಿಗಳು. ನಾನು ಮೊದಲ ಸಲ ಬಂದಾಗ ಇಲ್ಲಿಯ ಮಣ್ಣಿನ ಮನೆಗಳು ಅರ್ಧ ಕುಸಿದು ಬಿದ್ದಿದ್ದವು. ಈಗ ಊರಿನ ಹುಡುಗರೇ ಸೇರಿ ಒಂದೊಂದನ್ನಾಗಿ ಎತ್ತಿ ನಿಲ್ಲಿಸುತ್ತಿದ್ದಾರೆ. ಒಂದರಲ್ಲಿ ಕಾಫಿ ಅಂಗಡಿ, ಒಂದರಲ್ಲಿ ಅತಿಥಿಗೃಹ. ಹಳೆಯ ಗೋಡೆಗೆ ಹೊಸ ಮಣ್ಣು ಮೆತ್ತಿದ ಗುರುತು ಇನ್ನೂ ಹಸಿಯಾಗಿತ್ತು. ಅಮ್ಮ ಅದನ್ನು ಕೈಯಿಂದ ಸವರಿ, ಒಡೆದದ್ದನ್ನು ಇವರು ಎಷ್ಟು ಚೆಂದ ಕೂಡಿಸ್ತಾರೆ ನೋಡು ಅಂದಳು. ಚಿಕ್ಕಮ್ಮ ಕೇಳಿಸದವಳಂತೆ ಮುಂದೆ ನಡೆದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಬೀದಿಯ ಕೊನೆಯಲ್ಲಿ ಹಳೇ ಸಾಮಾನಿನ ಅಂಗಡಿ ಒಂದಿತ್ತು. ಮುದುಕ ವ್ಯಾಪಾರಿ ಜಮಖಾನೆಯ ಮೇಲೆ ಕೂತಿದ್ದರು. ಹಿತ್ತಾಳೆಯ ಕಾಫಿ ಹೂಜಿಗಳು, ಮೊಳೆ ಹೊಡೆದ ಪೆಟ್ಟಿಗೆಗಳು, ಹಿಂದಿನ ಕಪಾಟಿನಲ್ಲಿ ನೀಲಿ ಹೂವಿನ ಪಿಂಗಾಣಿ ಬಟ್ಟಲುಗಳು. ಅಮ್ಮ ಬಟ್ಟಲುಗಳನ್ನು ಕಂಡವಳೇ ಒಳಗೆ ನುಗ್ಗಿದಳು. ಅವರು ನಮ್ಮನ್ನೆಲ್ಲ ಕೂರಿಸಿ, ಬಟ್ಟಲುಗಳನ್ನು ತೋರಿಸಿ “ಸೀನಿ, ಸೀನಿ” ಅಂದರು. ಚೀನಾದ್ದು ಅಂತ. ಹಡಗಿನಲ್ಲಿ ಮತ್ರಾಕ್ಕೆ ಬಂದು, ಅಲ್ಲಿಂದ ಒಂಟೆಯ ಮೇಲೆ ಇಲ್ಲಿಗೆ ಬಂದವಂತೆ. ಅಮ್ಮ ಬ್ಯಾಗಿನಿಂದ ಅಜ್ಜಿಯ ಫೋಟೋ ತೆಗೆದಳು. ಅಜ್ಜಿ ಜಗಲಿಯಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಭರಣಿ. ಆ ಫೋಟೋ ಅವಳು ಜೊತೆಗೆ ತಂದಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಚಿಕ್ಕಮ್ಮ ಒಂದು ಸಲ ನೋಡಿ ಬೇರೆ ಕಡೆ ಮುಖ ಮಾಡಿದಳು.

ಆಗ ಅಂಗಡಿಯಲ್ಲಿ ಬಟ್ಟಲು ನೋಡುತ್ತಿದ್ದ ಒಬ್ಬಳು ಚೀನೀ ಪ್ರವಾಸಿ ಹೆಂಗಸೂ ಫೋಟೋದತ್ತ ಬಗ್ಗಿದಳು. ನೋಡಿದವಳು ಅರಳಿಹೋದಳು. ತನ್ನ ಊರಿಗೂ ಸುತ್ತ ಇಂಥದೇ ಕೋಟೆಗೋಡೆ ಇದೆ, ಒಳಗೆ ಇಂಥದೇ ಹಳೇ ವ್ಯಾಪಾರಿಗಳ ಬೀದಿ, ಅಲ್ಲಿ ವಿನೆಗರ್ ಮಾರುವ ಅಂಗಡಿಗಳ ಬಾಗಿಲಲ್ಲಿ ಇಂಥ ಭರಣಿಗಳೇ ಕೂತಿರುತ್ತವೆ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಅಜ್ಜಿ ಅದರಲ್ಲಿ ಸೊಪ್ಪಿಗೆ ಉಪ್ಪು ಹಾಕಿ ಇಡುತ್ತಿದ್ದಳಂತೆ. ಹೊಟ್ಟೆಯ ಮೇಲಿರುವುದು ಹಾವಲ್ಲ, ಡ್ರ್ಯಾಗನ್; ಮಳೆ ತರುತ್ತದೆ, ಮನೆಗೆ ಒಳ್ಳೆಯದು ಅಂದಳು. ನಾನು ಅಮ್ಮನಿಗೆ ಅನುವಾದ ಮಾಡಿದೆ. ಮಳೆ ತರುವುದಾದರೆ ಅದು ನಾಗನೇ, ಅವರಿಗೆ ಹೆಸರು ಸರಿ ಗೊತ್ತಿಲ್ಲ ಎಂದು ಅಮ್ಮ ತೀರ್ಪು ಕೊಟ್ಟಳು. ಚಿಕ್ಕಮ್ಮನ ತುಟಿಯ ತುದಿಯಲ್ಲಿ ಏನೋ ಅಲ್ಲಾಡಿತು. ಅವಳು ಅದನ್ನು ಒತ್ತಿ ಹಿಡಿದಳು.

ಅಷ್ಟರಲ್ಲಿ ಮುದುಕರು ಕಾವಾ ಸುರಿಯಲು ಶುರುಮಾಡಿದ್ದರು. ಇಲ್ಲಿಯ ಕಾವಾ ಎಂದರೆ ಹಾಲು ಸಕ್ಕರೆ ಇಲ್ಲದ, ಏಲಕ್ಕಿ ಹಾಕಿದ ಕಹಿ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ಸಾಕಾದರೆ ಬಟ್ಟಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಬೇಕು. ಅಲ್ಲಾಡಿಸದಿದ್ದರೆ ಮತ್ತೆ ತುಂಬಿಸುತ್ತಾರೆ. ಅಮ್ಮನಿಗೆ ಇದು ಗೊತ್ತಿಲ್ಲ. ಕೊಟ್ಟದ್ದನ್ನು ಬಿಡಬಾರದು ಎಂಬ ನಮ್ಮ ಮನೆಯ ಪಾಠ ಅವಳಿಗೆ. ಅವರು ತುಂಬಿಸುವುದು, ಇವಳು ಕಷಾಯ ಕುಡಿದ ಹಾಗೆ ಮುಖ ಹಿಂಡಿ ಕುಡಿಯುವುದು. ನಾನು ಹೇಳಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಚಿಕ್ಕಮ್ಮ ಕೈ ಚಾಚಿ ಅಮ್ಮನ ಮಣಿಕಟ್ಟು ಹಿಡಿದಳು. ಹಿಡಿದು, ಬಟ್ಟಲಿನ ಸಮೇತ ಅಲ್ಲಾಡಿಸಿದಳು. ಮುದುಕರು ನಕ್ಕು ಹೂಜಿ ಕೆಳಗಿಟ್ಟರು. ಚಿಕ್ಕಮ್ಮ ಕೈ ಬಿಟ್ಟಳು. ಅಮ್ಮ ಆ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಳು.

ಆಮೇಲೆ ಅಮ್ಮ ಫೋಟೋದಲ್ಲಿನ ಭರಣಿಯ ಮೇಲೆ ಬೆರಳಿಟ್ಟು, ಇಂಥದು ಇದೆಯಾ ಎಂದು ಹಿಂದಿಯಲ್ಲಿ ಕೇಳಿದಳು. ಅವರು ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ನಿಧಾನವಾಗಿ ತಲೆಯಾಡಿಸಿ, ಎದೆಯ ಮೇಲೆ ಕೈಯಿಟ್ಟು “ಮಾಫಿ” ಅಂದರು. ಎದೆಯ ಮೇಲಿನ ಆ ಕೈ ಕಂಡು ಅಮ್ಮನಿಗೆ ತಡೆಯಲಾಗಲಿಲ್ಲ. ಕೊನೆಯ ಅಂಗಡಿ ಅದು. ಇನ್ನು ಭರಣಿ ಸಿಗುವುದಿಲ್ಲ ಎಂದು ಅವಳಿಗೂ ಗೊತ್ತಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡೇ ಅವರಿಗೆ ಕೈ ಮುಗಿದಳು. “ಪರವಾಗಿಲ್ಲ. ನೀವು ಎಂತಕ್ಕೆ ಮಾಫಿ ಕೇಳುದು? ನಿಮ್ಮಿಂದ ಎಂತ ತಪ್ಪಾಗಿದೆ? ತಪ್ಪು ಮಾಡಿದವ್ರು ಇಲ್ಲಿ ಬೇರೆಯೇ ಇದ್ದಾರೆ.”

ಚಿಕ್ಕಮ್ಮ ಅಮ್ಮನ ಮುಖವನ್ನೇ ನೋಡಿದಳು. ನನ್ನನ್ನು ನೋಡಿದಳು. ಇವಳಿಗೆ ಇದರ ಅರ್ಥ ಗೊತ್ತಿಲ್ಲವಾ ಎಂದು ಕಣ್ಣಲ್ಲೇ ಕೇಳಿದಳು. ನಾನು ಕಪಾಟಿನ ಬಟ್ಟಲು ಎಣಿಸುವವಳಂತೆ ಕೂತೆ. ಆಗ ಹೊರಟಿತು ನೋಡಿ ಚಿಕ್ಕಮ್ಮನ ನಗು. ಬಾಯಿಗೆ ದುಪಟ್ಟಾ ಒತ್ತಿಕೊಂಡರೂ ನಿಲ್ಲಲಿಲ್ಲ. ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಕ್ಕ. ಅವ್ರು ಕ್ಷಮೆ ಕೇಳಿದ್ದಲ್ಲ ಮಾರಾಯ್ತಿ. ಇಲ್ಲಿ ಮಾಫಿ ಅಂದ್ರೆ ‘ಇಲ್ಲ’ ಅಂತ. ಭರಣಿ ಇಲ್ಲ ಅಂತ ಹೇಳಿದ್ದು ಅಷ್ಟೇ.”

ಅಕ್ಕ ಎಂಬ ಮಾತು ಬಂದೇಬಿಟ್ಟಿತ್ತು. ಅದು ಬಂದದ್ದು ಚಿಕ್ಕಮ್ಮನಿಗೂ ತಿಳಿಯಿತು, ಅಮ್ಮನಿಗೂ ತಿಳಿಯಿತು. ಅಮ್ಮ ಮಾತ್ರ ಆ ಕ್ಷಣದಲ್ಲಿ ನನ್ನ ಮೇಲೆ ಹರಿಹಾಯ್ದಳು. ಇಷ್ಟು ದಿನ ಗೊತ್ತಿದ್ದೂ ಹೇಳಲಿಲ್ಲ, ಮೀನಿನವನಿಗೆ, ಬಸ್ಸಿನವನಿಗೆ, ಕಂಡಕಂಡವರಿಗೆಲ್ಲ ಪರವಾಗಿಲ್ಲ ಎಂದುಕೊಂಡು ತಿರುಗಿದೆನಲ್ಲ, ನನ್ನ ಮರ್ಯಾದೆ ತೆಗೆದೆ ಎಂದು ಬೈದಳು. ಚಿಕ್ಕಮ್ಮ ಮುದುಕರಿಗೆ ಅರಬ್ಬಿಯಲ್ಲಿ ಕತೆ ವಿವರಿಸಿದಳು. ಅವರೂ ನಕ್ಕು ನಕ್ಕು ಗಡ್ಡ ಒರೆಸಿಕೊಂಡರು. ಚೀನೀ ಹೆಂಗಸಿಗೆ ಏನೂ ಅರ್ಥವಾಗದಿದ್ದರೂ ಅವಳೂ ನಕ್ಕಳು. ಬೈಯುತ್ತಿದ್ದ ಅಮ್ಮನೇ ಕಡೆಗೆ ಸೋತು ನಗಲು ಶುರುಮಾಡಿದಳು.

ಅಷ್ಟು ಹೊತ್ತಿಗೆ ಶುಕ್ರವಾರದ ನಮಾಜಿಗೆ ಬಾಂಗ್ ಆಯಿತು. ಬೀದಿಯ ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಚೀನೀ ಹೆಂಗಸು ಕೈಬೀಸಿ ಹೋದಳು, ಮುದುಕರು ನಮ್ಮನ್ನು ಬೀಳ್ಕೊಟ್ಟು ಮಸೀದಿಯ ಕಡೆ ಹೊರಟರು. ಖಾಲಿ ಬೀದಿಯಲ್ಲಿ ನಾವು ಮೂವರೇ ಉಳಿದೆವು. ಅಮ್ಮ ಫೋಟೋವನ್ನು ಬ್ಯಾಗಿಗೆ ಹಾಕುವುದರಲ್ಲಿ ಬೇಕಂತಲೇ ತಡ ಮಾಡಿದಳು. ಈಗ ಕರೆಯಬೇಕು, ಇಲ್ಲವಾದರೆ ನಾವು ಹೊರಡಬೇಕು. ಚಿಕ್ಕಮ್ಮ ಗಡಿಯಾರ ನೋಡಿಕೊಂಡಳು. ನಿನ್ನ ಗಂಡನಿಗೆ ಫೋನ್ ಮಾಡು ಎಂದು ನನಗೆ ಹೇಳಿ, ಅಮ್ಮನ ಕೈಯ ಬ್ಯಾಗನ್ನು ತಾನು ತೆಗೆದುಕೊಂಡಳು. “ನಡಿ ಅಕ್ಕ. ಅನ್ನಕ್ಕೆ ಇಟ್ಟು ಬಂದಿದ್ದೇನೆ. ಪದಾರ್ಥ ಮನೆಗೆ ಹೋಗಿ ಮಾಡುವಾ.”

ಚಿಕ್ಕಪ್ಪ ಕಂಪನಿ ಕೆಲಸದ ಮೇಲೆ ಖಸಬ್‌ಗೆ ಹೋಗಿದ್ದರಿಂದ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೂಟಿನ ತುಂಬ ಆಡಿನ ವಾಸನೆ ಹೊತ್ತು ಬಂದ ನನ್ನ ಗಂಡ ಸ್ನಾನಕ್ಕೆ ಹೋದರು. ಚಿಕ್ಕಮ್ಮ ಬಸಳೆ ಕೊಯ್ಯಲು ಬಾಲ್ಕನಿಗೆ ಹೋದಳು, ಹಿಂದೆ ಅಮ್ಮ, ಅವಳ ಹಿಂದೆ ನಾನು. ಬಾಲ್ಕನಿಯ ಸರಳುಗಳಿಗೆ ಹಗ್ಗ ಕಟ್ಟಿ ಬಳ್ಳಿ ಹಬ್ಬಿಸಿದ್ದಳು. ಈ ಮರಳಿನ ಊರಿನಲ್ಲಿ ಅಂಗೈ ಅಗಲದ ಎಲೆ, ಹೆಬ್ಬೆರಳು ದಪ್ಪದ ಕೆಂಪು ದಂಟು. ಬುಡದಲ್ಲಿ ಬೆಲ್ಲದ ಪಾಕದ ಬಣ್ಣದ್ದೊಂದು ಕುಂಡ. ಅಮ್ಮ ಬಗ್ಗಿ ನೋಡಿದವಳು ಹಾಗೇ ಕೂತುಬಿಟ್ಟಳು. ಕುಂಡವಲ್ಲ, ಅದು ಅಜ್ಜಿಯ ಭರಣಿ. ಹೆಗಲು, ಬಾಯಿ ಎರಡೂ ಹೋಗಿ ಅರ್ಧ ಉಳಿದಿತ್ತು. ಒಡೆದ ಅಂಚನ್ನು ಚಿಕ್ಕಮ್ಮ ಉಜ್ಜಿ ನಯ ಮಾಡಿದ್ದಳು. ಹೊಟ್ಟೆಯ ನಾಗ ಪೂರ್ತಿ ಇದ್ದ, ಅವನ ತಲೆಯ ಮೇಲೆ ಒಂದು ಬೊಟ್ಟು ಕುಂಕುಮವೂ ಇತ್ತು.

ಅಮ್ಮ ಭರಣಿಯ ಅಂಚನ್ನು ಬೆರಳಿನಿಂದ ಸವರಿದಳು. ಒಂದು ಎಲೆಯನ್ನು ಹಿಡಿದು ಹಿಂದೆ ಮುಂದೆ ನೋಡಿದಳು. ಆಮೇಲೆ ತಲೆ ಎತ್ತದೆ ಹೇಳಿದಳು. “ನಿನ್ನ ಕೈಯಲ್ಲಿ ಎಂಥಾ ಬಸಳೆ ಎದ್ದಿದೆ. ನಮ್ಮ ಊರಲ್ಲಿ ನನ್ನ ಕೈಯಲ್ಲೂ ಹೀಗೆ ಬರುದಿಲ್ಲ.” ಸ್ವಲ್ಪ ತಡೆದು, ಇನ್ನೂ ಸಣ್ಣ ದನಿಯಲ್ಲಿ ಕೇಳಿದಳು. “ನಾನು ಅವತ್ತು ಹೇಳಿದ ಮಾತು... ನಿನ್ನ ಮನಸ್ಸಲ್ಲಿ ಇನ್ನೂ ಉಂಟಾ?”

ಚಿಕ್ಕಮ್ಮ ದಂಟು ಕೊಯ್ಯುವುದನ್ನು ನಿಲ್ಲಿಸಿದಳು. ಕೆಳಗೆ ಬೀದಿಯಲ್ಲಿ ನಮಾಜು ಮುಗಿಸಿದ ಜನ ಮಾತಾಡಿಕೊಂಡು ಮನೆಗೆ ಹೋಗುತ್ತಿದ್ದರು.

“ಮಾಫಿ” ಅಂದಳು ಚಿಕ್ಕಮ್ಮ.

ಈ ಸಲ ಅಮ್ಮ ಪರವಾಗಿಲ್ಲ ಎನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು. ಆ ಚೂರಿ ಇತ್ತ ಕೊಡು, ದಂಟು ನಾನು ಹೆಚ್ಚುತ್ತೇನೆ, ನೀನು ಕಾಯಿ ತುರಿ ಅಂದಳು.